ಚಂದ್ರವಳ್ಳಿಯ ದೀನಾರಗಳೂ ದೇಶಾಂತರ ವ್ಯಾಪಾರದ ಭಾಷಾವ್ಯವಹಾರವೂ

ಚಿತ್ರದುರ್ಗದ ಕೋಟೆಬೆಟ್ಟದ ಮಗ್ಗುಲಲ್ಲಿ, ಚೋಳಗುಡ್ಡ, ಕಿರುಬನಕಲ್ಲು ಮೊದಲಾದ ಗುಡ್ಡಗಳ ನಡುವೆ ಇರುವ ಕಣಿವೆಗೆ ಚಂದ್ರವಳ್ಳಿಯೆಂದು ಹೆಸರು. ಈಗ ಅಲ್ಲಿಗೆ ಹೋದವರ ಕಣ್ಣಿಗೆ ಬೀಳುವುದು ಒಂದು ಕೆರೆ, ಬಂಡೆಗಳ ನಡುವಣ ಗುಹೆಗಳು, ಭೈರವೇಶ್ವರನ ಗುಡಿ, ರಜಾದಿನಗಳಲ್ಲಿ ಬುತ್ತಿ ಕಟ್ಟಿಕೊಂಡು ಬರುವ ಜನ, ಇಷ್ಟೆ. ಆದರೆ ಈ ನೆಲದ ಅಡಿಯಲ್ಲಿ ಶಾತವಾಹನರ ಕಾಲದ ಒಂದು ಪಟ್ಟಣವು ಹುದುಗಿರುವುದು. ೧೯೦೯ರಲ್ಲಿ ರಾ. ನರಸಿಂಹಾಚಾರ್ಯರೂ, ೧೯೨೯ರಲ್ಲಿ ಡಾ. ಎಂ. ಎಚ್. ಕೃಷ್ಣರವರೂ, ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಇಲ್ಲಿ ಅಗೆಯಿಸಿ ನೋಡಿದರು. ಇಟ್ಟಿಗೆಯ ಗೋಡೆಗಳು, ಮಣಿಗಳು, ಮಡಕೆಯ ಚೂರುಗಳು, ಶಾತವಾಹನರ ಸೀಸದ ನಾಣ್ಯಗಳು ಇವುಗಳ ಜತೆಗೆ ರೋಮಕ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ ಎಂಬವರ ಬೆಳ್ಳಿಯ ದೀನಾರಗಳೂ ದೊರೆತವು. ಅಗಸ್ಟಸನು ಕ್ರಿ. ಶ. ೧೪ರಲ್ಲಿಯೂ ಟೈಬೀರಿಯಸನು ೩೭ರಲ್ಲಿಯೂ ಮೃತರಾದವರು. ಸಮುದ್ರದಿಂದ ಘಟ್ಟವನ್ನೇರಿ ಅನೇಕ ದಿನಗಳ ಪ್ರಯಾಣಮಾಡಿದಲ್ಲದೆ ಮುಟ್ಟಲಾಗದ ಈ ಕಣಿವೆಯಲ್ಲಿ ಅವರ ಮುಖಮುದ್ರೆ ದೊರೆತುದು ಸಾಮಾನ್ಯ ವಿಷಯವಲ್ಲ.

ಪ್ರಕೃತ ಲೇಖನಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳಿಬಿಡುವುದು ಮೇಲು. ಕೆಲವು ವರ್ಷಗಳ ಹಿಂದೆ ಉಪಾಧ್ಯಾಯರ ಕಮ್ಮಟವೊಂದರಲ್ಲಿ ಈ ನಾಣ್ಯಗಳ ವಿಚಾರವಾಗಿ ನಾನು ಮಾತನಾಡಿ ಮುಗಿಸಿದಾಗ, ಹೊಸದುರ್ಗದ ಕಡೆಯ ಉಪಾಧ್ಯಾಯರೊಬ್ಬರು ಎದ್ದು, “ಪಂಡಿತರೇ, ಈ ಹಣ ತಂದವನು ನಮ್ಮವರ ಸಂಗಡ ಯಾವ ಮಾತಿನಲ್ಲಿ ಚೌಕಾಸಿ ಮಾಡಿದ?” ಎಂದು ಕೇಳಿದರು. ನಾನು ಕ್ಷಣವೂ ಆಲೋಚಿಸದೆ, “ಕನ್ನಡದಲ್ಲಿಯೇ; ಅದಕ್ಕೆ ಗ್ರೀಕರ ನಾಟಕವೊಂದೇ ಸಾಕ್ಷಿ” ಎಂದುಬಿಟ್ಟೆನು. ಸಭೆಯವರು ಸಂತೋಷಪಟ್ಟರು. ನಾನು ಬಹುಕಾಲದಿಂದ ಪಾಠದಲ್ಲಿ ಹೇಳುತ್ತ ಬಂದದ್ದೂ ಅದನ್ನೇ. ಊರಿಗೆ ಹಿಂದಿರುಗಿದ ಮೇಲೆ ಆ ನಾಟಕದ ಅಚ್ಚಾದ ಪಾಠವನ್ನು ತರಿಸಿ, ಗ್ರೀಕ್ ಬಲ್ಲವರೊಬ್ಬರ ಸಹಾಯದಿಂದ ಪದಪದವಾಗಿ ನೋಡಿದಾಗ, ನಾನು ಕೊಟ್ಟ ಉತ್ತರವನ್ನು ಹಾಗೆಯೇ ನಿಲ್ಲಿಸಿಕೊಳ್ಳುವುದು ಸಾಧ್ಯವಾಗಲಿಲ್ಲ. ಆ ಪ್ರಶ್ನೆಯಾದರೋ ಬಹಳ ಒಳ್ಳೆಯದು. ಒಬ್ಬರ ಭಾಷೆ ಒಬ್ಬರಿಗೆ ತಿಳಿಯದ, ಆಚಾರವ್ಯವಹಾರಗಳೂ ಬೇರೆಯಾದ ಎರಡು ಜನಗಳ ನಡುವೆ ಕೊಡುವ ಕೊಳ್ಳುವ ಕಾರ್ಯ ಹೇಗೆ ನಡೆಯಿತೆಂಬುದು ಅದರ ತಾತ್ಪರ್ಯ.

ಮೊದಲು ಒಂದು ಭ್ರಾಂತಿಯನ್ನು ನಿವಾರಿಸಿಕೊಳ್ಳಬೇಕು. ನಾಣ್ಯವು ಬಂದುದರಿಂದಲೇ ನಾಣ್ಯವನ್ನು ಹೊಡೆಯಿಸಿದವರ ಜನವೂ ಬಂದರೆಂದು ಸಿದ್ಧಿಸುವುದಿಲ್ಲ. ದೀನಾರವು ಕರಾವಳಿಯಲ್ಲಿ ಒಬ್ಬನ ಕೈಯಿಂದ ಹೊರಟು ಹತ್ತು ಕೈಗಳನ್ನು ದಾಟಿ ಚಂದ್ರವಳ್ಳಿಗೆ ಬಂದಿರಬಹುದು. ಇಲ್ಲಿಯ ವರ್ತಕನು ಯವನನ ಮುಖವನ್ನೇ ನೋಡದಿದ್ದಿರಬಹುದು. ವ್ಹೀಲರ್ ಅವರು ಇಲ್ಲಿಯೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ದೊರೆತ, ಒಳಮೈಯಲ್ಲಿ ಸಣ್ಣ ಗೀರುಗಳ ಸುತ್ತುಗಳಿರುವ ನಯವಾದ ತಟ್ಟೆಗಳನ್ನು ರೋಮಕ ಸಂಬಂಧವುಳ್ಳವೆಂದು ಎಣಿಸಿ, ಅವುಗಳ ಆಧಾರದಿಂದ ಕಾಲನಿರ್ಣಯ ಮಾಡಿದರು. ಆದರೆ ಈಚಿನ ಪರೀಕ್ಷೆಗಳಿಂದ ಆ ತಟ್ಟೆಗಳು ನಮ್ಮ ದೇಶದಲ್ಲಿಯೇ ತಯಾರಾದುವೆಂದು ಪಂಡಿತರು ಒಪ್ಪಿದ್ದಾರೆ. ಆದುದರಿಂದ ಪರದೇಶದ ವಸ್ತುವನ್ನು ಕಂಡಾಗ ಸ್ವಲ್ಪ ತಾಳ್ಮೆಯು ಆವಶ್ಯಕ.

ಇನ್ನು ನಾಣ್ಯದ ವಿಚಾರ. ಪ್ಲಿನಿಯೆಂಬ ರೋಮಕ ಗ್ರಂಥಕಾರನು (ಮರಣ ಕ್ರಿ. ಶ. ೭೯) ಒಂದು ಕಥೆಯನ್ನು ಹೇಳುತ್ತಾನೆ. ಕೆಂಪುಸಮುದ್ರದ ತೆರಿಗೆಯನ್ನು ಗುತ್ತಿಗೆ ಹಿಡಿದಿದ್ದ ಆನ್ನಿಯಸ್ ಪ್ಲೊಕಾಮಸ್ ಎಂಬವನ ಬಿಡುಗಡೆ ಪಡೆದ ದಾಸನೊಬ್ಬನು ಬಿರುಗಾಳಿಗೆ ಸಿಕ್ಕಿ ಸಿಂಹಳದ್ವೀಪವನ್ನು ಸೇರಿದನು. ಅಲ್ಲಿಯ ರಾಜನು ಅವನನ್ನು ಆದರಿಸಿ ಇಟ್ಟುಕೊಂಡನು. ಆರು ತಿಂಗಳಲ್ಲಿ ಆತನಿಗೆ ಆ ದೇಶದ ಭಾಷೆ ಬಂದಿತು. ಅನಂತರ ರಾಜನು ಕೇಳಿದುದಕ್ಕೆಲ್ಲ ಉತ್ತರ ಹೇಳಿದನು. ಆದರೆ ರಾಜನಿಗೆ ಎಲ್ಲಕ್ಕಿಂತ ಹೆಚ್ಚಿನ ಆಶ್ಚರ್ಯವನ್ನುಂಟುಮಾಡಿದುದು ಅವನ ಮಾತಲ್ಲ, ಅವನ ಬಳಿಯಿದ್ದ ದೀನಾರಗಳು. ಅವುಗಳ ಮೇಲಣ ಮುಖಗಳು ಬೇರೆಬೇರೆಯಾಗಿ, ಬೇರೆಬೇರೆ ಅರಸರು ಹೊಡೆಯಿಸಿದುವೆಂದು ತೋರಿದರೂ, ತೂಕ ಮಾತ್ರ ಎಲ್ಲಕ್ಕೂ ಒಂದೇ ಆಗಿದ್ದಿತು. ಇದನ್ನು ಕಂಡು ಆ ಜನರು ನ್ಯಾಯವಂತರೆಂದು ತಿಳಿದು ರಾಜನು ರೋಮಿಗೆ ದೂತರನ್ನು ಕಳುಹಿಸಿದನಂತೆ. ಕಥೆಯಲ್ಲಿ ರೋಮಕರ ಆತ್ಮಪ್ರಶಂಸೆಯು ಬೆರೆತಿರುವುದು ಸ್ಪಷ್ಟವೇ. ಆದರೂ ಒಂದು ಸತ್ಯಾಂಶವುಂಟು: ಭಾಷೆ ಕಲಿಯಲು ಆರು ತಿಂಗಳು ಬೇಕಾಯಿತು, ತೂಕವನ್ನು ತಿಳಿಯಲು ಒಂದು ತಕ್ಕಡಿ ಸಾಕಾಯಿತು.

ಟೈಬೀರಿಯಸನ ದೀನಾರಗಳಲ್ಲಿ ಅತ್ಯಂತ ಪ್ರಚುರವಾಗಿರುವುದರ ಮೇಲೆ ಅವನು ದೈವತ್ವವನ್ನೈದಿದ ಅಗಸ್ಟಸನ ಮಗನೆಂಬ ಬಿರುದು ಕೊರೆದಿರುವುದು. ರೋಮಿನಲ್ಲಿ ಆ ಅಕ್ಷರಗಳಿಗೆ ಬಹಳ ಬೆಲೆಯಿದ್ದಿತು. ಚಂದ್ರವಳ್ಳಿಯ ಅಂಗಡಿಯವನಿಗೆ ಅವು ಬರಿಯ ಗೀರುಗಳು. ದಕ್ಷಿಣದೇಶದಲ್ಲಿ ದೊರೆತ ರೋಮಕ ಚಿನ್ನದ ನಾಣ್ಯಗಳಲ್ಲಿ ಅನೇಕವಕ್ಕೆ ಅರಸನ ಮುಖದ ಮೇಲೆಯೇ ಉಳಿಯೇಟು ಬಿದ್ದಿರುವುದು. ಕೆಲವಕ್ಕೆ ಕೊರಳಲ್ಲಿ ತೂಗಹಾಕುವುದಕ್ಕೆ ತೂತು ಮಾಡಿರುವುದು. ತೆಲುಗುನಾಡಿನ ಕೊಂಡಾಪುರದಲ್ಲಿ ಅದೇ ನಾಣ್ಯಗಳ ಅಚ್ಚನ್ನು ಜೇಡಿಮಣ್ಣಿನಲ್ಲಿ ಒತ್ತಿ ಒಡವೆಗಳನ್ನಾಗಿ ಮಾಡಿಕೊಂಡಿದ್ದರು. ಒಬ್ಬರ ರಾಜಮುದ್ರೆ ಇನ್ನೊಬ್ಬರ ಬೆಳ್ಳಿಯ ಗಟ್ಟಿ, ಮತ್ತೊಬ್ಬರ ಕೊರಳ ಪದಕ. ಕ್ರಿ. ಶ. ೬೪ರಲ್ಲಿ ನೀರೋ ಚಕ್ರವರ್ತಿಯು ದೀನಾರದ ತೂಕವನ್ನೂ ಬೆಳ್ಳಿಯನ್ನೂ ಕಡಮೆಮಾಡಿದನು. ನಮ್ಮ ದೇಶದಲ್ಲಿ ದೊರೆಯುವ ಬೆಳ್ಳಿಯ ದೀನಾರಗಳಲ್ಲಿ ಬಹುಭಾಗ ಅದಕ್ಕೆ ಹಿಂದಣ ಅಗಸ್ಟಸ್, ಟೈಬೀರಿಯಸರವೇ. ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ಸಿಕ್ಕಿದ ನಿಧಿಯೂ ಇದೇ ಬಗೆಯದು. ಅಕ್ಷರವನ್ನು ಓದಲಾರದವರು ತೂಕದಲ್ಲಿ ಮೋಸಹೋಗಲಿಲ್ಲವೆಂದು ಇದರಿಂದ ಊಹಿಸುವುದಕ್ಕೆ ಅವಕಾಶವುಂಟು.

(೨೦೧೦ರಲ್ಲಿ ರಫ್ತು ನಿಲ್ಲುವುದಕ್ಕೆ ಮುಂಚೆ ಹೊಳಲ್ಕೆರೆ ಕಡೆಯ ಕಬ್ಬಿಣದ ಅದಿರು ಹಡಗೇರಿ ಚೀನಾದೇಶಕ್ಕೆ ಹೋಗುತ್ತಿದ್ದ ಕಾಲದಲ್ಲಿ, ಆ ಗಣಿಯೊಂದರ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ಶಿಷ್ಯನನ್ನು, ಚೀನೀಯರ ಸಂಗಡ ಹೇಗಪ್ಪಾ ವ್ಯವಹರಿಸುತ್ತೀಯೆ ಎಂದು ಕೇಳಿದ್ದೆನು. ಅವನು, “ಗುರುಗಳೇ, ನೂರಕ್ಕೆ ಎಷ್ಟು ಪಾಲು ಕಬ್ಬಿಣ ಎಂಬುದೊಂದೇ ಮಾತು, ಅದು ಅಂಕಿಯಲ್ಲಿರುತ್ತದೆ, ಜಗಳವೆಲ್ಲ ಮಿಕ್ಕ ಮಾತಿನಲ್ಲಿ” ಎಂದನು. ಸಿಂಹಳದ ರಾಜನು ಇದನ್ನು ಒಪ್ಪುತ್ತಿದ್ದನೆಂದು ತೋರುತ್ತದೆ.)

ಮಾತಿಲ್ಲದೆಯೇ ನಡೆಯುವ ವ್ಯಾಪಾರವನ್ನು ಪ್ರಾಚೀನರು ವಿವರಿಸಿರುವುದುಂಟು. ಕಾರ್ಥೇಜಿನವರು ಆಫ್ರಿಕದ ತೀರದಲ್ಲಿ ಸರಕನ್ನಿಳಿಸಿ, ಹೊಗೆಯೆಬ್ಬಿಸಿ, ಹಡಗಿಗೆ ಹಿಂದಿರುಗುತ್ತಿದ್ದರೆಂದೂ, ಆ ನಾಡವರು ಬಂದು ಸರಕಿನ ಪಕ್ಕದಲ್ಲಿ ಚಿನ್ನವನ್ನಿಟ್ಟು ದೂರ ಸರಿಯುತ್ತಿದ್ದರೆಂದೂ, ಚಿನ್ನವು ಸಾಲದಾದರೆ ಇವರು ಮುಟ್ಟದೆ ಕಾಯುತ್ತಿದ್ದರೆಂದೂ ಹೆರೊಡೋಟಸನು ಬರೆದಿದ್ದಾನೆ. ಕ್ರಿಸ್ತಶಕದ ಮೊದಲನೆಯ ಶತಮಾನದ ಮಧ್ಯಭಾಗದ್ದಾದ ‘ಎರಿತ್ರಿಯ ಸಮುದ್ರದ ಪೆರಿಪ್ಲಸ್’ ಎಂಬ ವರ್ತಕರ ಕೈಪಿಡಿಯ ಕೊನೆಯಲ್ಲಿಯೂ, ಚೀನದೇಶದ ಗಡಿಯಲ್ಲಿ ತಮಾಲಪತ್ರದ ವ್ಯಾಪಾರವು ಇಂಥದೇ ಕ್ರಮದಲ್ಲಿ ನಡೆಯುತ್ತಿದ್ದುದನ್ನು ಹೇಳಿದೆ. ನಮ್ಮವರಿಗೆ ಇದು ವಿಚಿತ್ರವಾಗಿ ತೋರಬೇಕಾದುದಿಲ್ಲ. ಹಿರಿಯೂರು ಹೊಸದುರ್ಗಗಳ ಕಡೆಯ ದನದ ಸಂತೆಗಳಲ್ಲಿ ದಲ್ಲಾಳಿಯು ಹೆಗಲ ವಸ್ತ್ರದ ಮರೆಯಲ್ಲಿ ಕೊಳ್ಳುವವನ ಬೆರಳುಗಳನ್ನು ಹಿಡಿದು ಬೆಲೆ ಗೊತ್ತುಮಾಡುವುದನ್ನು ಬಾಲ್ಯದಲ್ಲಿ ನಾನು ಎಷ್ಟೋ ಸಲ ನೋಡಿದ್ದೇನೆ. ಬಾಯಿ ಎತ್ತಿನ ಸುಳಿಯನ್ನೂ ಹಲ್ಲನ್ನೂ ಕುರಿತು ಹರಟುತ್ತಿದ್ದರೆ, ಬೆಲೆ ಬೆರಳಿನಲ್ಲಿ ತೀರ್ಮಾನವಾಗುತ್ತಿದ್ದಿತು.

ಆದರೆ ಬೆರಳಿನ ವ್ಯಾಪಾರಕ್ಕೆ ಒಂದು ಎಲ್ಲೆಯುಂಟು. ಸರಕು ಕಣ್ಣೆದುರಿಗೆ ಇರಬೇಕು, ಹಣವು ಆಗಲೇ ಕೈಸೇರಬೇಕು. ಕಡ, ಬಡ್ಡಿ, ಗಡುವು, ಜಾಮೀನು ಇವುಗಳು ಬಂದೊಡನೆ ಮಾತು ಬೇಕು. ಮಾತನ್ನು ನಂಬುವುದಕ್ಕೆ ಲಿಖಿತ ಬೇಕು. ೧೯೮೫ರಲ್ಲಿ ಪ್ರಕಟವಾದ, ವಿಯೆನ್ನಾ ನಗರದಲ್ಲಿರುವ ಒಂದು ಗ್ರೀಕ್ ಪತ್ರವು ಮಲೆಯಾಳ ತೀರದ ಮುಜಿರಿಸ್ ಬಂದರದ ವ್ಯಾಪಾರಕ್ಕೆ ಸಂಬಂಧಿಸಿದ ಕ್ರಿ. ಶ. ಎರಡನೆಯ ಶತಮಾನದ ಸಾಲಪತ್ರ. ಅದರ ಹಿಂಬದಿಯಲ್ಲಿ ಹೆರ್ಮಪೊಲ್ಲೋನ್ ಎಂಬ ಹಡಗು ತಂದ ಆನೆಯದಂತ, ಗಂಗಾತೀರದ ಜಟಾಮಾಂಸಿ ಮುಂತಾದುವುಗಳ ಲೆಕ್ಕವಿದೆ. ನಮ್ಮ ಕಡೆಯಲ್ಲಿ ಕೌಟಿಲ್ಯನು ಪಣ್ಯಾಧ್ಯಕ್ಷನಿಗೆ ವಿಧಿಸುವಾಗ, ಪರದೇಶದ ಸರಕನ್ನು ತರುವವರಿಗೆ ಅನುಗ್ರಹ ತೋರಿಸಬೇಕೆಂದೂ, ತೆರಿಗೆಯನ್ನು ಬಿಡಬೇಕೆಂದೂ, ಇಲ್ಲಿಯ ಸಂಘದ ಸದಸ್ಯರೂ ಅವರ ಜತೆಗಾರರೂ ಹೊರತು ಮಿಕ್ಕ ಆಗಂತುಕರ ಮೇಲೆ ಹಣದ ವ್ಯಾಜ್ಯ ಹೂಡಬಾರದೆಂದೂ ಹೇಳಿದ್ದಾನೆ. ಈ ಕೊನೆಯ ಮಾತು ಗಮನಾರ್ಹ. ದೇಶಾಚಾರವನ್ನರಿಯದವನನ್ನು ದೇಶದ ನ್ಯಾಯಕ್ಕೆ ಎಳೆಯುವುದು ವ್ಯಾಪಾರವನ್ನೇ ಕೆಡಿಸುವುದೆಂದು ಆತನು ಬಲ್ಲವನಾಗಿದ್ದನು.

ಹೀಗಿರಲು ಮಾತು ಯಾವುದು? ಈ ಪ್ರಶ್ನೆಗೆ ಚಿತ್ರದುರ್ಗ ಜಿಲ್ಲೆಯೇ ಒಂದು ಉತ್ತರವನ್ನು ಕಲ್ಲಿನಲ್ಲಿ ಇಟ್ಟುಕೊಂಡಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲವೆಂಬ ಊರಿನ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಅದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದವನು ಚಪಡನೆಂಬ ಲಿಪಿಕಾರನು. ಅವನು ಶಾಸನದ ಕೊನೆಯಲ್ಲಿ ತಾನು ಲಿಪಿಕಾರನೆಂಬ ಪದವನ್ನು ಮಾತ್ರ ವಾಯವ್ಯದೇಶದಲ್ಲಿ ರೂಢಿಯಲ್ಲಿದ್ದ, ಬಲದಿಂದ ಎಡಕ್ಕೆ ಬರೆಯುವ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಗಂಧಾರದ ಕಡೆಯ ಲಿಪಿಯನ್ನು ಬಲ್ಲವನೊಬ್ಬನು ಮಗಧದ ಅರಸನ ಮಾತನ್ನು ಮೊಳಕಾಲ್ಮೂರಿನ ಬಂಡೆಯ ಮೇಲೆ, ಇಲ್ಲಿಯ ಸಾಮಾನ್ಯರಿಗೆ ಮನೆಮಾತಲ್ಲದ ಭಾಷೆಯಲ್ಲಿ ಕೊರೆಯಿಸಿದನು. ಇಸಿಲವೆಂಬ ಹೆಸರೇ ಕನ್ನಡದ್ದೆಂದು ಡಿ. ಎಲ್. ನರಸಿಂಹಾಚಾರ್ಯರು ಅಭಿಪ್ರಾಯಪಟ್ಟಿದ್ದಾರೆ. ಆ ಬಂಡೆಯ ಮುಂದೆ ನಿಂತು ಜನರಿಗೆ ಅರ್ಥ ಹೇಳಿದ ದ್ವಿಭಾಷಿಗಳ ಹೆಸರು ಕಲ್ಲಿನಲ್ಲಿಲ್ಲ. ಆದರೆ ಅವರಿಲ್ಲದೆ ಆ ಕಲ್ಲಿಗೆ ಕೆಲಸವೇ ಇರುತ್ತಿರಲಿಲ್ಲ.

ಪ್ರಾಕೃತವು ಮುಂದೆ ಕೆಲವು ಶತಮಾನಗಳವರೆಗೆ ದಕ್ಷಿಣಾಪಥದ ಅರಮನೆಗೂ ವರ್ತಕರಿಗೂ ಸಾಮಾನ್ಯ ಭಾಷೆಯಾಗಿ ನಿಂತಿತು. ಚಂದ್ರವಳ್ಳಿಯ ಶಾತವಾಹನ ನಾಣ್ಯಗಳ ಬರಹ ಪ್ರಾಕೃತ. ಅಲ್ಲಿಯ ಕೆರೆಯ ವಿಷಯವಾದ ಕದಂಬ ಮಯೂರಶರ್ಮನ ಬಂಡೆಯ ಶಾಸನವೂ ಪ್ರಾಕೃತವೇ. ಕಾರ್ಲೆಯ ಗುಹೆಗಳಲ್ಲಿ ಧೇನುಕಾಕಟದ ಯವನರೂ, ನಾಸಿಕದ ಗುಹೆಯಲ್ಲಿ ದತ್ತಾಮಿತ್ರಿಯ ಯೋನಕನಾದ ಧರ್ಮದೇವನ ಮಗ ಇಂದ್ರಾಗ್ನಿದತ್ತನೂ ತಮ್ಮ ದಾನಗಳನ್ನು ಪ್ರಾಕೃತದಲ್ಲಿಯೇ ಬರೆಯಿಸಿದರು. ಹೆಸರುಗಳು ನಮ್ಮವು, ಧರ್ಮವು ನಮ್ಮದು, ಮಾತು ನಮ್ಮದು. ಯವನರೆಂಬ ಗುರುತು ಮಾತ್ರ ಉಳಿಯಿತು. ಶಾತವಾಹನರ ಮುಖಮುದ್ರೆಯ ಬೆಳ್ಳಿಯ ನಾಣ್ಯಗಳಲ್ಲಿ ಇನ್ನೊಂದು ವಿಶೇಷವುಂಟು: ಒಂದು ಮಗ್ಗುಲಲ್ಲಿ ಪ್ರಾಕೃತ, ಇನ್ನೊಂದು ಮಗ್ಗುಲಲ್ಲಿ ಅದೇ ಅರ್ಥದ ದ್ರಾವಿಡ ಬರಹ. ಆ ದ್ರಾವಿಡವು ಯಾವುದೆಂಬಲ್ಲಿ ಮತಭೇದವಿದ್ದರೂ, ಹಣವೇ ದ್ವಿಭಾಷಿಯಾದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು. ನಮ್ಮವರೂ ಆ ಕಡೆಗೆ ಹೋದರು. ಈಜಿಪ್ಟಿನ ಕೆಂಪುಸಮುದ್ರದ ತೀರದಲ್ಲಿ ತಮಿಳು ಹೆಸರುಗಳನ್ನು ಬ್ರಾಹ್ಮಿಯಲ್ಲಿ ಗೀರಿದ ಮಡಕೆಚೂರುಗಳು ದೊರೆತಿವೆ. ಸೊಕೊತ್ರದ್ವೀಪದ ಹೋಕ್ ಗುಹೆಯಲ್ಲಿ ಭರುಕಚ್ಛದ ನಾವಿಕರ ಬರಹಗಳಿವೆ. ಈಚೆಗೆ ಬೆರೆನಿಕೆ ಬಂದರದ ದೇವಾಲಯದಲ್ಲಿ, ಫಿಲಿಪ್ ಚಕ್ರವರ್ತಿಯ ಕಾಲದ (ಕ್ರಿ. ಶ. ೨೪೪–೨೪೯) ಸಂಸ್ಕೃತ ಶಾಸನವೊಂದು ಗ್ರೀಕಿನ ಜತೆಗೆ ಕಂಡುಬಂದಿದೆ. ಈ ಎಲ್ಲ ಸಾಕ್ಷ್ಯದಲ್ಲಿ ಕನ್ನಡದ ವಾಕ್ಯವೊಂದೂ ಇಲ್ಲವೆಂಬುದನ್ನು ನಾವು ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು. ಕನ್ನಡಿಗರು ಇರಲಿಲ್ಲವೆಂದು ಇದರ ಅರ್ಥವಲ್ಲ, ಕ್ರಿ. ಶ. ಎರಡನೆಯ ಶತಮಾನದ ಟಾಲೆಮಿಯು ಬನವಾಸಿಯ ಹೆಸರನ್ನು ಕೇಳಿ ಬಲ್ಲವನಾಗಿದ್ದನು. ಮನೆಯ ಮಾತೊಂದು, ಲೆಕ್ಕದ ಮಾತೊಂದು ಎಂಬ ಸ್ಥಿತಿ ಇಂದಿನ ಪೇಟೆಗಳಲ್ಲಿಯೂ ಅಪರೂಪವಲ್ಲ.

ಪದಗಳು ಸರಕಿನ ಜತೆಯಲ್ಲಿ ಹಡಗೇರಿ ಹೋಗುವಾಗ ಅವುಗಳ ಅರ್ಥವು ಅಲುಗುವುದು ಸಹಜ. ಯವನರು ಮೆಣಸಿಗೆ ‘ಪೆಪೆರಿ’ ಎನ್ನುತ್ತಿದ್ದರು. ಇದು ನಮ್ಮ ಪಿಪ್ಪಲೀ ಶಬ್ದವೇ. ಆದರೆ ಪಿಪ್ಪಲಿಯೆಂದರೆ ಹಿಪ್ಪಲಿ, ಮೆಣಸಲ್ಲ. ಮೊದಲು ಹೋದ ಸರಕಿನ ಹೆಸರು ಅನಂತರ ಹೋದ ಸರಕಿಗೆ ಅಂಟಿಕೊಂಡಿತು. ಇಂದು ಯೂರೋಪಿನ ಭಾಷೆಗಳಲ್ಲಿ ಮೆಣಸಿಗಿರುವ ಹೆಸರುಗಳಲ್ಲಿ ಬಹುಪಾಲು ಆ ಹಳೆಯ ತಪ್ಪಿನ ಸಂತಾನ. ನಮ್ಮ ಕೋಶಕಾರರು ಅದೇ ಮೆಣಸಿಗೆ ಯವನಪ್ರಿಯವೆಂದು ಹೆಸರು ಕೊಟ್ಟು ಕೊಳ್ಳುವವನ ರುಚಿಯನ್ನು ಶಾಶ್ವತಗೊಳಿಸಿದರು. ದೀನಾರ ಶಬ್ದವು ರೋಮಿನಲ್ಲಿ ಬೆಳ್ಳಿಯ ನಾಣ್ಯ. ನಮ್ಮಲ್ಲಿ ಗುಪ್ತರ ಕಾಲಕ್ಕೆ ಚಿನ್ನದ ನಾಣ್ಯವಾಗಿ, ಅಮರಸಿಂಹನಲ್ಲಿ ನಿಷ್ಕ ಶಬ್ದದ ಅರ್ಥಗಳಲ್ಲಿ ಒಂದಾಯಿತು. ಗ್ರೀಕರ ದ್ರಾಖ್ಮವು ದ್ರಮ್ಮವಾಗಿ ನಮ್ಮ ಶಾಸನಗಳಲ್ಲಿ ನೆಲೆಸಿತು. ಹೋರಾ ಶಬ್ದವು ಅಹೋರಾತ್ರ ಶಬ್ದದ ಆದ್ಯಂತಾಕ್ಷರಗಳ ಲೋಪದಿಂದ ಆಯಿತೆಂದು ಪಾಠಶಾಲೆಯಲ್ಲಿ ನಾವು ಕಂಠಸ್ಥ ಮಾಡಿದ್ದೆವು. ವರಾಹಮಿಹಿರನು ಅದನ್ನು ಕೆಲವರ ಮತವೆಂದು ಹೇಳಿದ್ದನೆಂಬುದನ್ನು ಗಮನಿಸಿರಲಿಲ್ಲ. ಅದು ಗ್ರೀಕರ ಶಬ್ದವೆಂದು ಮೊದಲು ಕೇಳಿದ ದಿನ ನನಗೆ ಸ್ವಲ್ಪ ಕೋಪವೇ ಬಂದಿತ್ತು. ಯವನರು ಮ್ಲೇಚ್ಛರಾದರೂ ಜ್ಯೋತಿಶ್ಶಾಸ್ತ್ರವನ್ನು ಬಲ್ಲವರಾದುದರಿಂದ ಋಷಿಗಳಂತೆ ಪೂಜ್ಯರೆಂದ ವರಾಹಮಿಹಿರನಿಗೆ ಅಂಥ ಕೋಪ ಬಂದಂತಿಲ್ಲ.

ಇಂಥ ಶಬ್ದಗಳನ್ನು ಹೇಗೆ ಅರ್ಥಮಾಡಬೇಕೆಂಬ ಪ್ರಶ್ನೆಯನ್ನು ಮೀಮಾಂಸಕರು ಬಹು ಹಿಂದೆಯೇ ಎತ್ತಿಕೊಂಡಿದ್ದರು. ಪಿಕ, ನೇಮ, ತಾಮರಸ ಮೊದಲಾದ ಶಬ್ದಗಳು ವೇದದಲ್ಲಿ ಬಂದಿವೆ; ಆರ್ಯರಲ್ಲಿ ಅವುಗಳಿಗೆ ಪ್ರಯೋಗವಿಲ್ಲ, ಮ್ಲೇಚ್ಛರಲ್ಲಿ ಉಂಟು. ಹಾಗಾದರೆ ಧಾತುಪ್ರತ್ಯಯಗಳಿಂದ ಅರ್ಥವನ್ನು ಕಲ್ಪಿಸಬೇಕೆ, ಮ್ಲೇಚ್ಛರ ಬಳಕೆಯನ್ನು ಕೇಳಬೇಕೆ? ಬಳಕೆಯನ್ನೇ ಕೇಳಬೇಕೆಂದು ಶಬರಸ್ವಾಮಿಗಳ ಸಿದ್ಧಾಂತ. ಈ ಪ್ರಸಂಗದಲ್ಲಿ ಕುಮಾರಿಲಭಟ್ಟರು ದ್ರಾವಿಡ ಶಬ್ದಗಳನ್ನೇ ಉದಾಹರಿಸಿ, ಅವುಗಳ ಮೇಲೆ ಸಂಸ್ಕೃತಾರ್ಥವನ್ನು ಹೇರುವವರನ್ನು ಹಾಸ್ಯಮಾಡುತ್ತಾರೆ. ಅನ್ನವೆಂಬರ್ಥದ ಚೋರ್ ಎಂಬುದನ್ನು ಇವರು ಚೋರನೆನ್ನುತ್ತಾರೆ. ದಾರಿಯೆಂಬರ್ಥದ ಅತರ್ ಎಂಬುದನ್ನು ದಾಟಲಾಗದ್ದು ಎನ್ನುತ್ತಾರೆ. ಹೊಟ್ಟೆಯೆಂಬರ್ಥದ ವೈರ್ ಎಂಬುದನ್ನು, ಹಸಿದ ಹೊಟ್ಟೆಯು ಅಕಾರ್ಯವನ್ನು ಮಾಡಿಸುವುದರಿಂದ ವೈರಿಯೇ ಸರಿಯೆನ್ನುತ್ತಾರೆ. ನೆರೆಯ ದ್ರಾವಿಡ ಭಾಷೆಯಲ್ಲಿಯೇ ಇಷ್ಟು ಸ್ವಚ್ಛಂದ ಕಲ್ಪನೆಯಾದರೆ ಪಾರಸೀ, ಬರ್ಬರ, ಯವನ, ರೌಮಕ ಭಾಷೆಗಳಲ್ಲಿ ಇವರು ಏನು ಮಾಡಿಯಾರೋ ತಿಳಿಯದೆಂಬುದು ಭಟ್ಟರ ಅಭಿಪ್ರಾಯ. ಈ ಭಾಗವನ್ನು ನಾನು ಗುರುಗಳಲ್ಲಿ ಓದಿ, ಅನಂತರ ಶಿಷ್ಯರಿಗೆ ಹೇಳಿದವನು. ಆದರೂ ಗ್ರೀಕ್ ನಾಟಕದ ವಿಚಾರ ಬಂದಾಗ ಅದು ನೆನಪಿಗೆ ಬರಲಿಲ್ಲ.

ಈಗ ಆ ನಾಟಕದ ಕಡೆಗೆ ಬರೋಣ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಜೊಂಡುಹಾಳೆಯ ಮೇಲಿನ ಈ ಪ್ರಹಸನವನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬವರು ೧೯೦೩ರಲ್ಲಿ ಪ್ರಕಟಿಸಿದರು. ಬರಹವು ಕ್ರಿ. ಶ. ಎರಡನೆಯ ಶತಮಾನದ್ದು. ಖಾರಿತಿಯೋನ್ ಎಂಬ ಗ್ರೀಕ್ ತರುಣಿಯು ಭಾರತದ ತೀರದಲ್ಲಿ ಒಬ್ಬ ರಾಜನ ವಶದಲ್ಲಿದ್ದಾಳೆ. ಅಲ್ಲಿ ಚಂದ್ರದೇವತೆಯ ಗುಡಿಯುಂಟು. ಅವಳ ಅಣ್ಣನೂ ಸಂಗಡಿಗರೂ, ಒಬ್ಬ ವಿದೂಷಕನೂ ಹಡಗಿನಲ್ಲಿ ಬಂದು, ರಾಜನಿಗೂ ಅವನ ಪರಿವಾರಕ್ಕೂ ದ್ರಾಕ್ಷಾಮದ್ಯವನ್ನು ಕುಡಿಯಿಸಿ, ಮತ್ತೇರಿದ ಮೇಲೆ ಅವಳನ್ನು ಕರೆದುಕೊಂಡು ಓಡಿಹೋಗುತ್ತಾರೆ. ರಾಜನೂ ಅವನ ಕಡೆಯವರೂ ಅಲ್ಲಲ್ಲಿ ಗ್ರೀಕರಿಗೆ ತಿಳಿಯದ ಭಾಷೆಯನ್ನಾಡುತ್ತಾರೆ.

ಕಥೆಯ ಕೀಲು ಒಂದು ಆಚಾರಭೇದದಲ್ಲಿದೆ. ಗ್ರೀಕರು ಮದ್ಯಕ್ಕೆ ನೀರು ಬೆರಸಿ ಕುಡಿಯುವವರು. ನೀರಿಲ್ಲದೆ ಕುಡಿಯುವುದು ಅನಾಗರಿಕತನವೆಂದು ಅವರ ಎಣಿಕೆ. ಆ ಪ್ರದೇಶದಲ್ಲಿ ದ್ರಾಕ್ಷಾಮದ್ಯವು ಕೊಳ್ಳಲು ಸಿಕ್ಕುವುದಿಲ್ಲವಾದುದರಿಂದ ಅಲ್ಲಿಯವರು ಅನುಭವವಿಲ್ಲದೆ ಅದನ್ನು ಹಾಗೆಯೇ ಕುಡಿಯುವರೆಂದು ಪಾತ್ರವೊಂದು ಹೇಳುತ್ತದೆ. ನಿಜವಾದ ವ್ಯಾಪಾರದ ಸ್ಥಿತಿ ಬೇರೆ. ಪೆರಿಪ್ಲಸ್ ಗ್ರಂಥದಲ್ಲಿ ಭರುಕಚ್ಛಕ್ಕೆ ಬರುವ ಸರಕುಗಳಲ್ಲಿ ದ್ರಾಕ್ಷಾಮದ್ಯವು ಸೇರಿದೆ, ಅದರಲ್ಲಿಯೂ ಇಟಲಿಯದಕ್ಕೆ ಹೆಚ್ಚು ಬೇಡಿಕೆ. ಅಲ್ಲಿಯ ರಾಜನಿಗೆ ತರುವ ವಸ್ತುಗಳಲ್ಲಿ ಉತ್ತಮ ಮದ್ಯ, ಗಾಯಕರು, ಅಂತಃಪುರಕ್ಕೆ ಸುಂದರಿಯರಾದ ಕನ್ಯೆಯರು ಇವುಗಳ ಹೆಸರೂ ಬಂದಿದೆ. ಖಾರಿತಿಯೋನಳ ಕಥೆಗೆ ಮೂಲವಾದ ಲೋಕಾನುಭವವು ಈ ಒಣ ಪಟ್ಟಿಯಲ್ಲಿ ಕಾಣುವುದು. ಕೌಟಿಲ್ಯನು ದ್ರಾಕ್ಷಾರಸದ ಪಾನಕ್ಕೆ ಮಧುವೆಂಬ ಹೆಸರನ್ನು ಹೇಳಿ, ಕಾಪಿಶಾಯನವೆಂಬ ಬಗೆಯನ್ನೂ ಎಣಿಸಿದ್ದಾನೆ. ಹೀಗೆ ಪ್ರಹಸನದ ಭಾರತೀಯನು ನಿಜವಾದ ಭಾರತೀಯನಲ್ಲ, ನೈಲ್ ತೀರದ ಪ್ರೇಕ್ಷಕರು ನಗುವುದಕ್ಕಾಗಿ ಮಾಡಿಕೊಂಡ ಗೊಂಬೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಅವನ ಭಾಷೆಯನ್ನು ಪರೀಕ್ಷಿಸಬೇಕು.

೧೯೦೪ರಲ್ಲಿ ಜರ್ಮನ್ ಪಂಡಿತರಾದ ಹುಲ್ಟ್ಜ್ ಅವರು ಆ ಮಾತುಗಳಲ್ಲಿ ಕೆಲವು ಕನ್ನಡವೆಂದು ಸೂಚಿಸಿದರು. ನಮ್ಮ ಆರ್. ಶಾಮಶಾಸ್ತ್ರಿಗಳು ಈ ಪ್ರಯತ್ನವನ್ನು ಮುಂದುವರಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಈ ನಾಟಕವನ್ನು ಕುರಿತು ಬರೆದರು. ಎಲ್. ಡಿ. ಬಾರ್ನೆಟ್ ಅವರು ೧೯೨೬ರಲ್ಲಿ ಇದನ್ನೊಪ್ಪದೆ ಖಂಡಿಸಿದರು. ಈಚೆಗೆ ಕೆಲವರು ಅದು ತುಳುವೆಂದಿದ್ದಾರೆ. ಮತ್ತೆ ಕೆಲವರು ಯಾವ ಭಾಷೆಯೂ ಅಲ್ಲ, ಬರಿಯ ಗದ್ದಲವೆಂದಿದ್ದಾರೆ.

ಹುಲ್ಟ್ಜರ ಪಕ್ಷದಲ್ಲಿ ಹೇಳಬೇಕಾದುದನ್ನು ಮೊದಲು ಹೇಳುವೆನು. ಒಂದೆಡೆ ರಾಜನು ಏನೋ ಹೇಳಿದಾಗ ಗ್ರೀಕನೊಬ್ಬನು ಅವರೇನೆನ್ನುತ್ತಾರೆಂದು ಕೇಳುತ್ತಾನೆ. ಇನ್ನೊಬ್ಬನು, ಬೇಗ ಕುಡಿಯಲು ಕೊಡಬೇಕಂತೆ ಎಂದು ಅರ್ಥ ಹೇಳುತ್ತಾನೆ. ರಾಜನ ಆ ಮಾತಿನಲ್ಲಿ ಪಾನ ಶಬ್ದವನ್ನು ಹೋಲುವ ಧ್ವನಿಯುಂಟು. ಅನುವಾದವು ಪಕ್ಕದಲ್ಲಿಯೇ ಇರುವುದರಿಂದ ಇದು ಕೇವಲ ಕಲ್ಪನೆಯಲ್ಲ. ಇನ್ನೊಂದೆಡೆ ‘ಬೇರೆ’ ಎಂದು ಓದಬಹುದಾದ ಶಬ್ದವು ಎರಡು ಸಲ ಬಂದಿದೆ. ‘ಹಾಕಿ’ ಎಂದು ಅವರು ಗ್ರಹಿಸಿದ ಪದವು ಮೂಲದಲ್ಲಿ ಪಕಾರಾದಿಯಾಗಿ ‘ಪಕ್ತೆಯ್’ ಎಂದಿದೆ. ಕನ್ನಡದಲ್ಲಿ ಪಕಾರವು ಹಕಾರವಾದುದು ಕ್ರಿ. ಶ. ಹತ್ತನೆಯ ಶತಮಾನದಿಂದೀಚೆಗೆ ಹಬ್ಬಿದ ವ್ಯತ್ಯಾಸವಾದುದರಿಂದ ಎರಡನೆಯ ಶತಮಾನದಲ್ಲಿ ಪಕಾರವಿರುವುದೇ ನ್ಯಾಯ.

ಇನ್ನು ಪ್ರತಿಪಕ್ಷ. ಆ ಕಾಲದ ಗ್ರೀಕ್ ಬರಹದಲ್ಲಿ ಪದಗಳ ನಡುವೆ ತೆರಪಿಲ್ಲ. ಗ್ರೀಕ್ ಮಾತಾದರೆ ವ್ಯಾಕರಣವು ಪದವನ್ನು ತೋರಿಸುವುದು. ತಿಳಿಯದ ಭಾಷೆಯಾದರೆ ಎಲ್ಲಿ ಕಡಿಯಬೇಕೆಂಬುದು ಓದುವವನ ಇಚ್ಛೆ. ಕಡಿಯುವ ಅಧಿಕಾರವು ನನ್ನ ಕೈಯಲ್ಲಿದ್ದರೆ ಯಾವ ಅಕ್ಷರಮಾಲೆಯಿಂದಲೂ ಹತ್ತು ಕನ್ನಡ ಪದಗಳನ್ನು ತೆಗೆಯಬಲ್ಲೆನು. ‘ದಮುನ್’ ಎಂಬುದನ್ನು ಮಧುವೆನ್ನಲು ಅಕ್ಷರಗಳ ಸ್ಥಾನವನ್ನೇ ಬದಲಿಸಬೇಕು. ‘ಪಕ್ತೆಯ್’ ಎಂಬಲ್ಲಿಯ ತಕಾರಕ್ಕೆ ಕನ್ನಡದಲ್ಲಿ ಸಮಾಧಾನವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಹೋಲಿಕೆಯನ್ನು ತೋರಿಸುವಾಗ ಅವರು ಹಿಡಿದುಕೊಂಡುದು ಇಂದಿನ ನಮ್ಮ ಆಡುಮಾತನ್ನು. ಈ ಪ್ರಹಸನಕ್ಕೂ ಸುಮಾರು ಕ್ರಿ. ಶ. ೪೫೦ರ ಹಲ್ಮಿಡಿಯ ಶಾಸನಕ್ಕೂ ನಡುವೆ ಬಹು ಅಂತರವುಂಟು. ಹಲ್ಮಿಡಿಯ ಕನ್ನಡವನ್ನೇ ನಮ್ಮ ವಿದ್ಯಾರ್ಥಿಗಳು ವ್ಯಾಖ್ಯಾನವಿಲ್ಲದೆ ತಿಳಿಯಲಾರರು. ಅದಕ್ಕೂ ಹಿಂದಿನ ಕನ್ನಡವು ನಮ್ಮ ಅಡಿಗೆಮನೆಯ ಕನ್ನಡದಂತೆ ಕೇಳಿಸಿದರೆ ಸಂತೋಷಕ್ಕಿಂತ ಸಂದೇಹವೇ ಹೆಚ್ಚಾಗಬೇಕು. ಇದರ ಮೇಲೆ, ಹಾಳೆಯಲ್ಲಿ ವಾದ್ಯಗಳ ಸೂಚನೆಗಳಿವೆ. ವಿದೂಷಕನ ಅಪಾನಶಬ್ದವೂ ಕಥೆಯ ಒಂದು ಅಂಗ. ಇಂಥ ಸದ್ದಿನ ನಡುವೆ ನಟನು ಕೂಗುವ ಪರಭಾಷೆ ಶುದ್ಧವಾಗಿರಬೇಕೆಂದು ಯಾರು ನಿಯಮಮಾಡಿದರು? ನಮ್ಮ ಬಯಲಾಟಗಳಲ್ಲಿ ಪರದೇಶದವನ ವೇಷ ಕಟ್ಟಿದವನು ಆಡುವ ಭಾಷೆಯನ್ನು ನೆನೆದುಕೊಂಡರೆ ಸಾಕು.

ನನಗೆ ತೋರುವುದು ಇಷ್ಟು. ದಕ್ಷಿಣದ ಬಂದರಗಳಲ್ಲಿ ಕಾಲ ಕಳೆದ ನಾವಿಕರ ಬಾಯಿಂದ ಕೆಲವು ಪದಗಳು ಈಜಿಪ್ಟಿಗೆ ಹೋಗಿರುವುದು ಸಂಭವ. ಅವುಗಳಲ್ಲಿ ಒಂದೆರಡು ಕನ್ನಡವೋ ಅದರ ಸೋದರಭಾಷೆಯೋ ಆಗಿರಬಹುದು. ಕುಡಿಯುವುದಕ್ಕೂ ಕೊಡುವುದಕ್ಕೂ ಸಂಬಂಧಪಟ್ಟ ಪದಗಳೇ ನಾವಿಕರು ಮೊದಲು ಕಲಿಯುವಂಥವು. ಅದಕ್ಕಿಂತ ಮುಂದೆ ಹೋಗಿ, ಕನ್ನಡದ ವಾಕ್ಯಗಳು ಗ್ರೀಕ್ ನಾಟಕದಲ್ಲಿವೆಯೆಂದು ಸಿದ್ಧವಾದ ಸಂಗತಿಯಂತೆ ಬರೆಯಿಸುವುದಕ್ಕೆ ನಮಗೆ ಅಧಿಕಾರವಿಲ್ಲ. ೨೦೦೮ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯೆಂಬ ಮನ್ನಣೆ ದೊರೆತ ಮೇಲೆ ಈ ಮಾತು ಭಾಷಣಗಳಲ್ಲಿಯೂ ಪರೀಕ್ಷೆಯ ಕೈಪಿಡಿಗಳಲ್ಲಿಯೂ ಇನ್ನಷ್ಟು ದೃಢವಾಗಿ ಕೇಳಿಬರುತ್ತಿರುವುದು. ಕನ್ನಡದ ಪ್ರಾಚೀನತೆಗೆ ಹಲ್ಮಿಡಿಯ ಕಲ್ಲು ಇದೆ, ಬಾದಾಮಿಯ ಬಂಡೆಯಿದೆ, ಕವಿರಾಜಮಾರ್ಗವಿದೆ. ಇವುಗಳ ಪಕ್ಕದಲ್ಲಿ ಸಂದಿಗ್ಧವಾದ ಸಾಕ್ಷಿಯನ್ನು ನಿಲ್ಲಿಸಿದರೆ ಪ್ರತಿವಾದಿಯು ಅವನನ್ನೇ ಮೊದಲು ಪ್ರಶ್ನಿಸುವನು. ಪಾಠ ಹೇಳುವ ನಾವು ಹುಲ್ಟ್ಜರ ಸೂಚನೆ, ಬಾರ್ನೆಟ್ಟರ ಆಕ್ಷೇಪ ಎರಡನ್ನೂ ಮುಂದಿಟ್ಟರೆ ವಿದ್ಯಾರ್ಥಿಗಳಿಗೆ ಕುಮಾರಿಲರ ಹಾಸ್ಯವೂ ರುಚಿಸೀತು.

ಹೊಸದುರ್ಗದ ಆ ಉಪಾಧ್ಯಾಯರಿಗೆ ಈ ತಿದ್ದುಪಾಟನ್ನೆಲ್ಲ ವಿವರವಾಗಿ ಕಾಗದದಲ್ಲಿ ಬರೆದು ಕಳುಹಿಸಿದೆನು. ಹದಿನೈದು ದಿನಗಳ ಮೇಲೆ ಅವರ ಉತ್ತರ ಬಂದಿತು. ಕನ್ನಡದ ವಿಚಾರವಾಗಿ ಅವರು ಹೆಚ್ಚು ವ್ಯಸನಪಟ್ಟಂತೆ ಕಾಣಲಿಲ್ಲ. ಆದರೆ ನಾಟಕದಲ್ಲಿ ರಾಜನ ಮಾತಿಗೆ ಅರ್ಥ ಹೇಳಿದವನು ಗ್ರೀಕನೇ ಆಗಿದ್ದಲ್ಲಿ ಅವನಿಗೆ ಆ ಭಾಷೆ ಎಲ್ಲಿ ಬಂತು, ಎಷ್ಟು ದಿನ ಆ ತೀರದಲ್ಲಿದ್ದ, ಅವನು ಹೇಳಿದ ಅರ್ಥ ಸರಿಯೆಂದು ಮಿಕ್ಕವರು ಹೇಗೆ ನಂಬಿದರು ಎಂದು ಮೂರು ಹೊಸ ಪ್ರಶ್ನೆಗಳನ್ನು ಬರೆದಿದ್ದಾರೆ. ಕಾಗದವು ನನ್ನ ಮೇಜಿನ ಮೇಲೆ ಇನ್ನೂ ಹಾಗೆಯೇ ಇದೆ.